ಬಾಂದುಕಲ್ಲಿನ ಹಕ್ಕಳೆ

ಸರ್ವೇಯರ್ ಬರುವ ದಿನ ಬೆಳಿಗ್ಗೆ ಕ್ಯಾಲನೂರಿನ ಮುನಿಕೃಷ್ಣಪ್ಪ ತನ್ನ ಹಿಪ್ಪುನೇರಳೆ ತೋಟದ ಗಡಿಯ ಬಾಂದುಕಲ್ಲನ್ನು ತೊಳೆದ. ತೊಂದರೆ ಶುರುವಾದದ್ದೇ ಅಲ್ಲಿಂದ.

ಮುನಿಕೃಷ್ಣಪ್ಪ ಆ ಕಲ್ಲನ್ನು ಕಿತ್ತು ನಮ್ಮ ಹೊಲದೊಳಗೆ ನೆಟ್ಟು ಜಾಗ ಒತ್ತಿಕೊಂಡಿದ್ದಾನೆಂದು ಪಕ್ಕದ ಹೊಲದ ಅಶ್ವತ್ಥಪ್ಪ ಅರ್ಜಿ ಹಾಕಿದ್ದ. ಮುನಿಕೃಷ್ಣಪ್ಪ ಕಲ್ಲನ್ನು ಮುಟ್ಟಿದವನೇ ಅಲ್ಲ. ಆದರೂ ಮೂರು ದಿನದಿಂದ ಹೊತ್ತು ಹೊತ್ತಿಗೂ ಹೋಗಿ ಅದನ್ನು ನೋಡಿಕೊಂಡು ಬರುತ್ತಿದ್ದ.

"ಹುಳುಕಡ್ಡಿ ಬಂದ ಬೆನ್ನಿನಂಗೈತೆ ಕಲ್ಲು. ಸಾಹೇಬ್ರಿಗೆ ಗುರುತು ಕಾಣೋದು ಬ್ಯಾಡ್ವಾ?" ಎಂದು ಹೆಂಡತಿ ಭಾರತಮ್ಮ ಹೇಳಿದ್ದೇ ತಡ, ಕಲ್ಲಿಗಂಟಿದ್ದ ಬೂದುಬಿಳಿ ಹಕ್ಕಳೆಯನ್ನೆಲ್ಲ ಮರಳು ಹಾಕಿ ತೆಂಗಿನ ನಾರಿನಿಂದ ಉಜ್ಜಿಬಿಟ್ಟ. ಕಲ್ಲು ಎಣ್ಣೆನೀರು ಹಾಕಿಸಿಕೊಂಡ ಮದುಮಗನಂತೆ ಹೊಳೆಯಿತು.

ಆ ದಾರಿಯಲ್ಲಿ ಬಂದ ಮುದುಕ ಮುನಿಶಾಮಿ ನೋಡಿ ನಿಂತ.

"ಅಯ್ಯೋ ನಾಯನಾ, ಏನ್ ಕೆಲ್ಸ ಮಾಡ್ದೆ? ಅದು ಕಲ್ಲುಹೂವಿನ ಜಾತಿ ಕಣಪ್ಪ. ಉಗುರಗಲ ಹಬ್ಬೋಕೆ ಇಪ್ಪತ್ತು ವರ್ಷ ಬೇಕು. ಕಲ್ಲು ಹಳೇದು ಅನ್ನೋಕೆ ಇದ್ದ ಸಾಕ್ಷಿ ಅದೊಂದೇ. ಈಗ ನೋಡ್ದೋರು ನಿನ್ನೆ ನೆಟ್ಟಿದ್ದು ಅಂತಾರೆ."

ಮುನಿಕೃಷ್ಣಪ್ಪನ ಕೈಲಿದ್ದ ನಾರು ಕೆಳಗೆ ಬಿತ್ತು. ಅಷ್ಟರಲ್ಲಿ ಇನ್ನೂ ನಾಲ್ಕು ಜನ ಸೇರಿದರು. ಕಲ್ಲು ಮತ್ತೆ ಹಳೇದಾಗಿ ಕಾಣಲೆಂದು ಮಜ್ಜಿಗೆ ಬಳಿ ಅಂದರು, ಸುಣ್ಣ ಚಿಮುಕಿಸು ಅಂದರು. ದಾಯಾದಿ ಸೊಣ್ಣಪ್ಪ ಮಾತ್ರ ಯೋಚಿಸಿ ಹೇಳಿದ: "ಮಾವಿನ ಮರದ ತೊಗಟೆ ಮ್ಯಾಲೂ ಇಂಥದೇ ಹಕ್ಕಳೆ ಇರ್ತದಲ್ವಾ? ತೆಳ್ಳಗೆ ಎಬ್ಬಿಸ್ಕೊಂಡು ಅಂಟ್ಸು."

ಭಾರತಮ್ಮ ಮೈದಾ ಅಂಟು ಕಾಯಿಸಿ ತಂದಳು. ಕೊನೆಯ ಚೂರು ಅಂಟಿಸುವಾಗ ಸರ್ವೇಯರರ ಸೈಕಲ್ ಗಂಟೆ ಕೇಳಿಸಿತು. ಹಿಂದೆಯೇ ಅಶ್ವತ್ಥಪ್ಪನೂ ಬಂದ.

ಸರಪಳಿ ಎಳೆದರು, ನಕ್ಷೆ ಬಿಡಿಸಿದರು. ಬಿಸಿಲೇರಿದಂತೆ ಅಂಟು ಒಣಗಿ ಒಂದು ಹಕ್ಕಳೆ ಅಂಚಿನಲ್ಲಿ ಮೇಲೆದ್ದಿತು. ಮುನಿಕೃಷ್ಣಪ್ಪ ಕಲ್ಲಿನ ಪಕ್ಕ ಕುಕ್ಕರಿಸಿ ಅದರ ಮೇಲೆ ಬಲಗೈ ಒತ್ತಿದ. ಇನ್ನೊಂದೆಡೆ ಎದ್ದಿತು. ಅಲ್ಲಿಗೆ ಮೊಣಕಾಲು ಕೊಟ್ಟ.

"ಏನ್ರೀ, ಕಲ್ಲನ್ನ ತಬ್ಕೊಂಡು ಕೂತಿದೀರ?"

"ನಮ್ ತಾತನ ಕಾಲದ್ದು ಸ್ವಾಮಿ."

ಸರ್ವೇಯರ್ ಎರಡು ಸಲ ಅಳೆದು ಹಣೆ ಉಜ್ಜಿಕೊಂಡರು.

"ನಕ್ಷೆ ಪ್ರಕಾರ ಕಲ್ಲು ಇನ್ನೂ ಆರಡಿ ಆಚೆ, ಅಶ್ವತ್ಥಪ್ಪನ ಕಡೆ ಇರಬೇಕಿತ್ತು. ನಷ್ಟ ಆಗಿರೋದು ನಿಮಗೇನೆ. ಕಲ್ಲು ಬೋಳಾಗಿದ್ದಿದ್ರೆ ಯಾರೋ ಈಚೆಗೆ ಸರಿಸಿದಾರೆ ಅಂತ ಬರೆದು, ಈಗ್ಲೇ ಕಿತ್ತು ಅಲ್ಲಿ ನೆಡಿಸ್ತಿದ್ದೆ. ಆದ್ರೆ ಈ ಹಕ್ಕಳೆ ನೋಡಿ, ನೂರು ವರ್ಷದ್ದು. ನಕ್ಷೇನೇ ತಪ್ಪಿರಬೇಕು. ಇದ್ದ ಹಾಗೇ ಇರಲಿ. ಒಪ್ಪಿಗೇನಾ?"

"ದೊಡ್ಡೋರು ಹೇಳಿದ್ ಮ್ಯಾಲೆ ಮುಗೀತು ಸ್ವಾಮಿ," ಎಂದು ಅಶ್ವತ್ಥಪ್ಪ ಸರಸರನೆ ರುಜು ಹಾಕಿದ.

ಮುನಿಕೃಷ್ಣಪ್ಪ ಬಾಯಿ ತೆರೆದ. ಅಂಗೈ ಕೆಳಗೆ ಹಕ್ಕಳೆ ಜಾರಿದ್ದು ತಿಳಿದು ಮುಚ್ಚಿಕೊಂಡ. ಸರ್ವೇಯರ್ ಪೆನ್ನು ಚಾಚಿದರು. ಬಲಗೈ ತೆಗೆಯುವಂತಿರಲಿಲ್ಲ. ಊರಲ್ಲಿ ಮೊದಲು ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಮುನಿಕೃಷ್ಣಪ್ಪ ಎಡಗೈ ಹೆಬ್ಬೆಟ್ಟು ಒತ್ತಿದ.