ಹೊಸಿಲು ದಾಟದ ಹೊಲಿಗೆ ಮೆಷಿನು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬಟ್ಟೆ ಎಲ್ಲಿ ಕತ್ತರಿಸಬೇಕೆಂದು ಗೊತ್ತುಂಟು, ಮಾತು ಎಲ್ಲಿ ಕತ್ತರಿಸಬೇಕೆಂದು ಗೊತ್ತಿಲ್ಲ. ನಮ್ಮ ಹೋಟೆಲಿನ ಭಟ್ಟರು ಇದೇ ಸಂಗತಿಗಳನ್ನು ಹೇಳಿದರೆ ಗಿರಾಕಿಗಳು ಚಾ ಆರಿದ್ದು ತಿಳಿಯದೆ ನಗುತ್ತಾರೆ. ನಾನು ಹೇಳಿದರೆ ಬೇಗ ಚಾ ಕುಡಿದು ಏಳುತ್ತಾರೆ. ಆದರೂ ಬರೆಯಲು ಕೂತಿದ್ದೇನೆ. ಸಾಲದಲ್ಲಿ ಬಿದ್ದವನ ಮನೆಯಲ್ಲಿ ನಗುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಆಗ ನಗು ಬರುವುದಿಲ್ಲ, ಅಷ್ಟೆ. ಈಗ ಬರುತ್ತದೆ. ನಗುವ ಹಾಗೆ ಮಾಡಿದವರನ್ನು ನೆನೆಯಬೇಕೆಂದೇ ಇದನ್ನು ಬರೆಯುವುದು.

ನಾನು ದರ್ಜಿ. ಊರು ಮೂಡಬಿದಿರೆ. ಆಗ, ಅಂದರೆ ನಯಾಪೈಸೆ ಬರುವ ಮೊದಲು, ನನ್ನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕೋಣೆ ಎಂದ ಕೂಡಲೇ ದೊಡ್ಡದೆಂದು ತಿಳಿಯಬಾರದು. ಮೆಷಿನು ಇಟ್ಟ ಮೇಲೆ ಗಿರಾಕಿ ಒಳಗೆ ಬರಬೇಕಾದರೆ ನಾನು ಎದ್ದು ಹೊರಗೆ ಹೋಗಬೇಕಿತ್ತು.

ಸಾಲ ಎರಡು ಇದ್ದವು. ಒಂದು, ಬಂಟ್ವಾಳ ಪೇಟೆಯ ಜವಳಿ ಅಂಗಡಿಯ ಧನಿಗಳದ್ದು. ಮೆಷಿನು ಕೊಳ್ಳಲು ಅವರು ಕೊಟ್ಟ ಹಣ. ಇನ್ನೊಂದು, ಸಿದ್ಧಕಟ್ಟೆಯ ಅಕ್ಕಿ ಸಾಹುಕಾರರದ್ದು. ನನ್ನ ಹೆಂಡತಿ ವಿಷಮಜ್ವರದಲ್ಲಿ ಮಲಗಿದ ವರ್ಷ ನಾನು ಮೆಷಿನು ತುಳಿದದ್ದಕ್ಕಿಂತ ಅವಳಿಗೆ ಗಂಜಿ ಕುಡಿಸಿದ್ದೇ ಹೆಚ್ಚು. ಆ ಗಂಜಿಯ ಅಕ್ಕಿ ಸಾಹುಕಾರರದ್ದು. ಎರಡೂ ನ್ಯಾಯದ ಸಾಲವೇ. ಕೊಡಲು ನನ್ನಲ್ಲಿ ಇರಲಿಲ್ಲ, ಇದ್ದದ್ದು ಮೆಷಿನು ಒಂದೇ. ಅದನ್ನು ಯಾರಾದರೂ ಹೊತ್ತುಕೊಂಡು ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಸಾಲವೂ ತೀರುವುದಿಲ್ಲ. ಇಷ್ಟು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

೧. ಅಳತೆ

ಅಕ್ಕಿ ಸಾಹುಕಾರರು ದಪ್ಪ ಮನುಷ್ಯ, ಮರ್ಯಾದಸ್ಥರು. ಬಂದ ಕೂಡಲೇ ಹಣ ಕೇಳುವವರಲ್ಲ. ಮಳೆಯ ಮಾತಾಡಿ, ನೀರು ಬೆಲ್ಲ ತೆಗೆದುಕೊಂಡು, ಆಮೇಲೆ ಒಮ್ಮೆ ಗಂಟಲು ಸರಿಮಾಡುತ್ತಿದ್ದರು. ಗಂಟಲು ಸರಿಯಾಯಿತೆಂದರೆ ಮುಂದಿನ ಮಾತು ಹಣದ್ದು.

ಮೊದಲನೆಯ ಸಲ ಅವರು ಗಂಟಲು ಸರಿಮಾಡಿದಾಗ ನಾನು ಹೆದರಿಕೆಯಲ್ಲಿ ಕುತ್ತಿಗೆಯಲ್ಲಿದ್ದ ಟೇಪು ತೆಗೆದು, "ಕೈ ಸ್ವಲ್ಪ ಎತ್ತಿ ಸಾಹುಕಾರ್ರೇ" ಅಂದೆ. ಬೇಕೆಂದು ಅಂದದ್ದಲ್ಲ. ದರ್ಜಿಗೆ ಏನು ಮಾಡಬೇಕೆಂದು ತಿಳಿಯದಾಗ ಕೈ ಟೇಪಿಗೆ ಹೋಗುತ್ತದೆ. ಅವರು ಎತ್ತಿದರು. ಎರಡೂ ಕೈ ಎತ್ತಿ ನಿಂತ ಮನುಷ್ಯ ಬಾಕಿ ಕೇಳುವುದು ಕಷ್ಟ. ಎದೆ, ಹೊಟ್ಟೆ, ತೋಳು ಎಂದು ಅಳೆದು ಮುಗಿಸುವಾಗ ಅವರ ಬಸ್ಸಿನ ಹೊತ್ತಾಯಿತು, ಹೋದರು.

ಉಪಾಯ ಫಲಿಸಿತೆಂದು ನಾನು ಪ್ರತಿ ಸಲವೂ ಹಾಗೆಯೇ ಮಾಡಿದೆ. ಗಂಟಲು, ಟೇಪು, ಕೈ ಎತ್ತುವುದು, ಬಸ್ಸು.

ಒಂದು ದಿನ ಅವರು ಗಂಟಲು ಸರಿಮಾಡಲೇ ಇಲ್ಲ. ನೇರ ಕೇಳಿದರು: "ಅಂಗಿ ಆಯಿತಾ?"

"ಯಾವ ಅಂಗಿ?"

"ಯಾವ ಅಂಗಿಯಾ? ಇಷ್ಟು ಸಲ ಅಳತೆ ತೆಗೆದಿರಲ್ಲ ಮಾರಾಯ್ರೆ. ಮಗಳ ಸೀಮಂತಕ್ಕೆ ಹೊಸ ಅಂಗಿ ಉಂಟು ಅಂತ ಮನೆಯಲ್ಲಿ ಹೇಳಿಯಾಗಿದೆ. ಹೆಂಡತಿ ದಿನಾ ಕೇಳ್ತಾಳೆ."

ಆ ದೇಹಕ್ಕೆ ಎಷ್ಟು ಬಟ್ಟೆ ಬೇಕೆಂದು ಊರಿನಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಇರಲಿಲ್ಲ. ಬಟ್ಟೆಯನ್ನು ಜವಳಿ ಧನಿಗಳ ಅಂಗಡಿಯಿಂದಲೇ ಕಡ ತಂದೆ. ಅಂತೂ ಹಣ ಕೇಳಲು ಬಂದವರು ಅಂಗಿ ಹಾಕಿಕೊಂಡು ಹೋದರು, ಹಣ ಕೇಳದೆ ಇದ್ದವರ ಬಾಕಿ ಒಂದು ಅಂಗಿಯಷ್ಟು ಬೆಳೆಯಿತು.

೨. ಚಾ

ಇದನ್ನು ಕೇಳಿದ ಹೋಟೆಲಿನ ಭಟ್ಟರು ನನ್ನನ್ನು ಕರೆಸಿ ಕೂರಿಸಿದರು. ಅವರ ಹೋಟೆಲು ಬಸ್ಸು ನಿಲ್ಲುವಲ್ಲಿ. ನನಗೆ ನೆಂಟರೇನೂ ಅಲ್ಲ. ನನ್ನ ಹೆಂಡತಿ ಮಲಗಿದ್ದಾಗ ದಿನವೂ ಒಂದು ತಂಬಿಗೆ ತಿಳಿಸಾರು ಕಳಿಸಿದವರು, ಕೇಳದೆ.

"ಸಾಲವನ್ನು ಅಡಗಿಸಿಡುವುದು ಹಲಸಿನ ಹಣ್ಣು ಅಡಗಿಸಿಟ್ಟ ಹಾಗೆ" ಅಂದರು. "ಬಾಗಿಲು ಹಾಕಿದಷ್ಟೂ ಪರಿಮಳ ಜಾಸ್ತಿ. ನಾಲ್ಕು ಜನರ ಹತ್ತಿರ ಹೇಳಿ. ಹೇಳಿದರೆ ದಾರಿ ಆಗ್ತದೆ."

ಆಗ ಅಲ್ಲಿ ಕನ್ಯಾನದ ಕಡೆಯ ಒಬ್ಬ ಅಡಿಕೆ ವ್ಯಾಪಾರಿ ಅವಲಕ್ಕಿ ತಿನ್ನುತ್ತಿದ್ದರು. ಅವರು ಹೇಳಿದರು: ಗಡಿಯ ಆಚೆ ಮಲೆಯಾಳದ ಕಡೆ ಒಂದು ಕ್ರಮ ಉಂಟು. ಕಷ್ಟ ಬಂದವನು ಊರವರನ್ನೆಲ್ಲ ಚಾಕ್ಕೆ ಕರೆಯುತ್ತಾನೆ. ಬಂದವರು ಚಾ ಕುಡಿದು, ಕೈಲಾದಷ್ಟು ಹಣ ಇಟ್ಟು ಹೋಗುತ್ತಾರೆ. ಮುಂದೆ ಅವರು ಕರೆದಾಗ ಇವನು ಇಡಬೇಕು. ಬೇಡಿದ ಹಾಗೂ ಅಲ್ಲ, ಮರ್ಯಾದೆಯೂ ಉಳಿಯುತ್ತದೆ.

ನಮಗೆ ಬಹಳ ಒಳ್ಳೆಯದೆಂದು ಕಂಡಿತು. ಒಂದು ಆದಿತ್ಯವಾರಕ್ಕೆ ಗೊತ್ತುಮಾಡಿದೆವು. ಚಾ ಭಟ್ಟರದ್ದು. ಕರೆಯುವುದು ನಾನು.

ಇಲ್ಲಿ ಒಂದು ವಿಷಯ ವಿವರಿಸಬೇಕು. ಆ ಕ್ರಮ ಆಚೆಯವರಿಗೆ ಗೊತ್ತು, ನಮ್ಮೂರವರಿಗೆ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಹೇಳಬೇಕು. "ಚಾಕ್ಕೆ ಬನ್ನಿ" ಎನ್ನುವವರೆಗೆ ನನ್ನ ನಾಲಿಗೆ ಬಂತು, "ಬರುವಾಗ ಹಣ ತನ್ನಿ" ಎಂಬಲ್ಲಿ ನಿಂತಿತು. ಪ್ರತಿ ಮನೆಯಲ್ಲೂ ನಿಂತಿತು.

ನಮ್ಮಲ್ಲಿ ಕರೆದ ಮನೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಅದು ಸೌತೆಕಾಯಿಯ ಕಾಲ; ನಮ್ಮ ಕಡೆಯ ಸಾಂಬಾರಿನ ದಪ್ಪ ಸೌತೆ, ತೂಗಹಾಕಿದರೆ ತಿಂಗಳುಗಟ್ಟಲೆ ಕೆಡದು. ಮೊದಲು ಬಂದವರು ಎರಡು ಸೌತೆಕಾಯಿ ತಂದರು. ಅವರ ಹಿಂದೆ ಬಂದವರು ಮೂರು. ಒಬ್ಬರು ಗೋಣಿಯಲ್ಲಿ ಹೊತ್ತು ತಂದು, "ನಮ್ಮ ಗದ್ದೆಯದ್ದು, ನೀರಿಲ್ಲ, ಗಟ್ಟಿ ಉಂಟು" ಎಂದು ಬೆರಳಿನಿಂದ ತಟ್ಟಿ ತೋರಿಸಿದರು. ಒಬ್ಬ ಅಜ್ಜಿ ನನ್ನ ಹೆಂಡತಿಯನ್ನು ಮೂಲೆಗೆ ಕರೆದು, "ಹುಡುಗಿ ನೋಡುವ ಶಾಸ್ತ್ರವಾ? ನಿಮ್ಮಲ್ಲಿ ಹುಡುಗಿಯೇ ಇಲ್ಲವಲ್ಲ" ಎಂದು ಗುಟ್ಟಿನಲ್ಲಿ ಕೇಳಿದರು. ಎಲ್ಲರೂ ಚಾ ಕುಡಿದರು, ಸಂತೋಷಪಟ್ಟರು, ಹೋದರು. ಹಣವಾಗಿ ಒಂದು ಕಾಸೂ ಬರಲಿಲ್ಲ.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಚಾದ ಬಾಬ್ತು ಬೇರೆ ಸೇರಿತಲ್ಲ ಎಂದು. ಭಟ್ಟರು ಖಾಲಿ ಪಾತ್ರೆ ತೆಗೆದುಕೊಂಡು ಹೊರಟವರು, "ಚಾದ್ದು ಬಿಡಿ. ಎರಡು ಸೌತೆಕಾಯಿ ಕೊಡಿ, ನಾಳೆಯ ಸಾಂಬಾರಿಗಾಯಿತು" ಅಂದರು.

ಉಳಿದದ್ದನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ, ಎಂದರೆ ಸೂರಿನ ಜಂತಿಗಳಿಗೆ, ಸಾಲಾಗಿ ತೂಗಹಾಕಿದೆವು. ಸುಳ್ಳಲ್ಲ, ಮಳೆಗಾಲದ ಬಹುಪಾಲು ಅವೇ ನಮ್ಮನ್ನು ಸಾಕಿದವು. ತರಕಾರಿ ಕೊಳ್ಳದ ಕಾರಣ ಸ್ವಲ್ಪ ಹಣ ಉಳಿಯಿತು ಕೂಡಾ. ತಂದುಕೊಟ್ಟವರಿಗೆ ತಾವು ಸಾಲಕ್ಕೆ ಸಹಾಯ ಮಾಡಿದೆವೆಂದು ಇಂದಿಗೂ ತಿಳಿಯದು. ನನ್ನ ಹೆಂಡತಿ ಮಾತ್ರ ಸೌತೆಕಾಯಿ ಹುಳಿ ಬಡಿಸುತ್ತಾ ಒಮ್ಮೆ ಅಂದಳು: "ಇನ್ನೊಮ್ಮೆ ಚಾಕ್ಕೆ ಕರೆಯುವುದಾದರೆ ತೆಂಗಿನ ಮರ ಇರುವವರನ್ನು ಕರೆಯಿರಿ."

೩. ಆಣೆ

ಆ ಸೌತೆಕಾಯಿಯಿಂದಲೇ ಕಷ್ಟ ಬಂತು. ಅಕ್ಕಿ ಸಾಹುಕಾರರು ಒಮ್ಮೆ ಬಂದವರು ತಲೆ ಎತ್ತಿ ನೋಡಿದರು. ಮಾಡಿನ ತುಂಬ ತೂಗಾಡುತ್ತಿತ್ತು. "ಇಷ್ಟು ಇದ್ದವನು ನನ್ನದನ್ನು ಕೊಡಲಿಲ್ಲ" ಎಂದು ಅವರಿಗೆ ಮನಸ್ಸಿಗೆ ನಾಟಿತು. ಸಿದ್ಧಕಟ್ಟೆಯ ಸಂತೆಯಲ್ಲಿ, "ಟೈಲರನ ಮೆಷಿನು ಗಾಡಿಯಲ್ಲಿ ಹಾಕಿಕೊಂಡು ಬರ್ತೇನೆ" ಎಂದು ಯಾರಲ್ಲೋ ಹೇಳಿದರು. ಅದೇ ಸಂತೆಗೆ ಜವಳಿ ಮಾರಲು ಬಂದಿದ್ದ ಬಂಟ್ವಾಳದ ಧನಿಗಳ ಕಿವಿಗೆ ಅದು ಬಿತ್ತು. ಮೆಷಿನಿಗೆ ಹಣ ಕೊಟ್ಟದ್ದು ತಾನು, ಒಯ್ಯುವುದು ಬೇರೆಯವನಾ?

ಮರುದಿನ ಮೊದಲ ಬಸ್ಸಿನಲ್ಲಿ ಧನಿಗಳು ಇಳಿದರು. ಅವರು ಸಾಹುಕಾರರ ಹಾಗಲ್ಲ, ತೆಳ್ಳಗೆ, ಕೋಪ ಬೇಗ. ಚಪ್ಪಲಿ ಬಿಟ್ಟು ಒಳಗೆ ಬಂದು, ಸೊಂಟದಿಂದ ವೀಳ್ಯದೆಲೆ ಅಡಿಕೆ ತೆಗೆದು ಮೆಷಿನಿನ ಮೇಲಿಟ್ಟು, ಕಣ್ಣು ಮುಚ್ಚಿ ದೈವದ ಹೆಸರು ಹೇಳಿ, "ಆಣೆ ಉಂಟು. ನನ್ನ ಬಾಕಿ ತೀರುವವರೆಗೆ ಈ ಮೆಷಿನು ಈ ಹೊಸಿಲು ದಾಟಬಾರದು" ಅಂದರು.

ನಮ್ಮ ಕಡೆ ದೈವದ, ಎಂದರೆ ಊರು ಕಾಯುವ ಭೂತದ, ಆಣೆ ಹಾಕಿದ ವಸ್ತುವನ್ನು ಕಳ್ಳನೂ ಮುಟ್ಟುವುದಿಲ್ಲ. ಆಣೆ ಹಾಕಿದವನೇ ದೈವದ ಎದುರು ಹೋಗಿ ಬಿಡಿಸಬೇಕು.

ಹೊತ್ತು ಏರುವಾಗ ಸಾಹುಕಾರರ ಎತ್ತಿನ ಗಾಡಿ ಬಂತು. ಸೀಮಂತದ ಅಂಗಿಯನ್ನೇ ಹಾಕಿದ್ದರು. ಒಳಗೆ ಬಂದವರು ವೀಳ್ಯ ನೋಡಿ ಅಲ್ಲಿಯೇ ನಿಂತರು.

"ಇದು ಯಾರು ಇಟ್ಟದ್ದು?"

"ನಾನು" ಅಂದರು ಧನಿಗಳು. "ಇನ್ನು ಒಯ್ಯಿರಿ ನೋಡುವ."

ಸಾಹುಕಾರರು ಬೆವರು ಒರಸಿಕೊಂಡರು. ಆಮೇಲೆ ಸಮಾಧಾನದಲ್ಲಿ ಕೇಳಿದರು: "ಅಂದರೆ ಧನಿಗಳೇ, ನೀವೂ ಒಯ್ಯುವ ಹಾಗಿಲ್ಲ?"

ಧನಿಗಳು ವೀಳ್ಯದ ಕಡೆ ಕೈ ಚಾಚಿದರು, ಹಿಂದೆ ತೆಗೆದರು. ಹೊರಗಿನವರಿಗೆ ಹಾಕಿದ ಬೀಗದಲ್ಲಿ ಅವರೂ ಹೊರಗೇ ಉಳಿದಿದ್ದರು.

ಅಷ್ಟರಲ್ಲಿ ಯಾರೋ ಹೇಳಿ ಭಟ್ಟರು ಚಾ ಹಿಡಿದುಕೊಂಡು ಓಡಿ ಬಂದರು. ಇಬ್ಬರಿಗೂ ಲೋಟ ಕೊಟ್ಟು ಜಗಲಿಯಲ್ಲಿ ಕೂರಿಸಿದರು. "ನೋಡಿ, ಮೆಷಿನನ್ನು ದೈವ ಕಾಯ್ತದೆ, ಅದರ ಚಿಂತೆ ಬಿಡಿ" ಅಂದರು. "ಧನಿಗಳಲ್ಲಿ ಬಟ್ಟೆ ಉಂಟು, ಸಾಹುಕಾರ್ರಲ್ಲಿ ಅಕ್ಕಿ ಉಂಟು. ಈ ಟೈಲರ್ರು ಉಂಡು ಹೊಲಿದರೆ ಇಬ್ಬರಿಗೂ ಬರ್ತದೆ. ಉಣ್ಣದೆ ಬಿದ್ದರೆ ನೀವಿಬ್ಬರೂ ಈ ಮೆಷಿನಿನ ಎದುರು ಕೂತು ಭಜನೆ ಮಾಡಬೇಕಷ್ಟೆ."

ಸಾಹುಕಾರರಿಗೆ ಮೊದಲು ನಗು ಬಂತು. ಧನಿಗಳು ನಗಲಿಲ್ಲ, ಆದರೆ ಇನ್ನೊಂದು ಚಾ ಕೇಳಿದರು. ಅಲ್ಲಿಯೇ ತೀರ್ಮಾನವಾಯಿತು. ಧನಿಗಳು ಸಂತೆಯಲ್ಲಿ ಮಾರುವ ಅಂಗಿ ಚಡ್ಡಿಗಳನ್ನು ಹೊಲಿಯಲು ನನಗೇ ಕೊಡುವುದು. ಸಾಹುಕಾರರು ಅಕ್ಕಿ ನಿಲ್ಲಿಸಬಾರದು, ಬಡ್ಡಿ ನಿಲ್ಲಿಸಬೇಕು. ನಾನು ವಾರವಾರ ಆದಷ್ಟು ಭಟ್ಟರ ಕೈಯಲ್ಲಿ ಕೊಡುವುದು, ಅವರು ಇಬ್ಬರಿಗೂ ಹಂಚುವುದು. ನಾನು ಅಳಬಾರದೆಂದು ಮೆಷಿನಿಗೆ ಎಣ್ಣೆ ಬಿಡುತ್ತಾ ಕೂತಿದ್ದೆ. ಆ ದಿನ ಬೇಕಾದ್ದಕ್ಕಿಂತ ತುಂಬ ಹೆಚ್ಚು ಎಣ್ಣೆ ಬಿಟ್ಟೆ.

ಹೊರಡುವಾಗ ಸಾಹುಕಾರರು ಗಾಡಿಯನ್ನು ನೋಡಿ, "ಖಾಲಿ ಗಾಡಿ ಮನೆಗೆ ಹೋದರೆ ಹೆಂಡತಿ ಏನು ಕೇಳ್ತಾಳೋ" ಅಂದರು. ಮೆಷಿನಿಗೆಂದು ಬಂದ ಗಾಡಿ ಸೌತೆಕಾಯಿಯಲ್ಲಿ ಅರ್ಧದಷ್ಟು ತುಂಬಿಕೊಂಡು ಸಿದ್ಧಕಟ್ಟೆಗೆ ಹೋಯಿತು.

೪. ಬಿಡುಗಡೆ

ವರ್ಷಗಳು ಹಿಡಿದವು. ಆದರೂ ತೀರಿತು. ಕೊನೆಯ ಕಂತು ಕೊಟ್ಟ ದಿನ ಭಟ್ಟರು, "ಹೋಟೆಲಿನ ಬದಿಯ ಕೋಣೆ ಖಾಲಿ ಉಂಟು. ಬಸ್ಸಿನವರೆಲ್ಲ ಕಾಣುವ ಜಾಗ. ಮೆಷಿನು ತನ್ನಿ" ಅಂದರು. ತರಬೇಕಾದರೆ ಹೊಸಿಲು ದಾಟಬೇಕು, ದಾಟಬೇಕಾದರೆ ಆಣೆ ಬಿಡಿಸಬೇಕು. ಧನಿಗಳಿಗೆ ಹೇಳಿ ಕಳಿಸಿದೆವು, ಬಂದರು.

"ಯಾವ ದೈವದ ಆಣೆ ಧನಿಗಳೇ?" ಎಂದು ಭಟ್ಟರು ಕೇಳಿದರು.

ಧನಿಗಳು ಮೆಷಿನನ್ನು ನೋಡಿದರು. ಮಾಡನ್ನು ನೋಡಿದರು. "ನೆನಪಿಲ್ಲ ಮಾರಾಯ್ರೆ. ಕೋಪದಲ್ಲಿ ಬಾಯಿಗೆ ಬಂದ ಹೆಸರು ಹೇಳಿದ್ದು."

ನನಗೆ ಪಂಜುರ್ಲಿ ಎಂದು ಕೇಳಿದ ನೆನಪು. ನನ್ನ ಹೆಂಡತಿ ಜುಮಾದಿಯೇ ಎಂದು ಹಟ ಹಿಡಿದಳು. ಧನಿಗಳು, "ಕೋಪ ಬಂದರೆ ನಾನು ಸಾಮಾನ್ಯ ಹೇಳುವುದು ಗುಳಿಗನ ಹೆಸರು" ಅಂದರು. ಸಾಹುಕಾರರಿಗೆ ಹೇಳಿ ಕಳಿಸಿದರೆ, "ನಾನು ವೀಳ್ಯ ನೋಡಿದ್ದು, ಹೆಸರು ಕೇಳಲಿಲ್ಲ" ಎಂದು ಉತ್ತರ ಬಂತು.

"ಒಂದು ಕಡೆ ಹೋಗಿ ಇನ್ನೊಂದು ಬಿಟ್ಟರೆ ಬಿಟ್ಟದ್ದು ಸುಮ್ಮನಿರ್ತದಾ?" ಅಂದರು ಭಟ್ಟರು. "ಮೂರಕ್ಕೂ ಹೋಗಿ ಬನ್ನಿ."

ಖರ್ಚು ಆಣೆ ಹಾಕಿದವರದ್ದು, ಅದು ಕ್ರಮ. ಬಂಟ್ವಾಳದ ಹತ್ತಿರ ಒಂದು ದೈವದ ಸ್ಥಾನಕ್ಕೆ ಹೋದೆವು: ತೆಂಗಿನಕಾಯಿ, ಬಾಳೆಗೊನೆ, ಕಾಣಿಕೆ. ಸಿದ್ಧಕಟ್ಟೆಯ ಬದಿಯಲ್ಲಿ ಇನ್ನೊಂದಕ್ಕೆ: ತೆಂಗಿನಕಾಯಿ, ಬಾಳೆಗೊನೆ, ಕಾಣಿಕೆ. ಮೂರನೆಯದು ಬೆಳ್ತಂಗಡಿಯಿಂದಲೂ ಆಚೆ, ಬಸ್ಸು ಇಳಿದು ಗದ್ದೆಯ ಬದುವಿನಲ್ಲಿ ನಡೆಯಬೇಕು. ದಾರಿಯುದ್ದಕ್ಕೂ ಧನಿಗಳು ಬೆರಳು ಮಡಿಸುತ್ತಾ ಏನೋ ಲೆಕ್ಕ ಹಾಕುತ್ತಿದ್ದರು.

ಅಲ್ಲಿಯ ಸ್ಥಾನ ನೋಡಿಕೊಳ್ಳುವವರು ವಯಸ್ಸಾದ ಒಬ್ಬರು. ಕಾಯಿ ಒಡೆದು, ಪ್ರಾರ್ಥನೆ ಮಾಡಿ, ಕಾಣಿಕೆ ಹಾಕಿಸಿ, ಎಲ್ಲ ಮುಗಿದ ಮೇಲೆ ವಿಷಯ ಏನೆಂದು ಕೇಳಿದರು. ಧನಿಗಳು ಮೊದಲಿನಿಂದ ಹೇಳಿದರು.

"ಬಾಕಿ ತೀರುವವರೆಗೆ ಎಂದು ಹೇಳಿದ್ದಾ?"

"ಹೌದು."

"ತೀರಿತಾ?"

"ತೀರಿತು."

"ಮತ್ತೆ ಆವತ್ತೇ ಬಿಟ್ಟಿತಲ್ಲ" ಅಂದರು ಅವರು. "ದೈವಕ್ಕೆ ಮಾತು ಅರ್ಥ ಆಗ್ತದೆ. ನೀವು ಇಷ್ಟು ದೂರ ಬಂದದ್ದು ಯಾಕೆ?"

ಧನಿಗಳು ಒಡೆದ ತೆಂಗಿನಕಾಯಿಯನ್ನು ಬಹಳ ಹೊತ್ತು ನೋಡಿದರು. ಬದುವಿನಲ್ಲೇ ಹಿಂದೆ ಬಂದೆವು. ಬಸ್ಸು ಬರುವುದು ಕಂಡಾಗ ಅವರು ಸೊಂಟದ ಚೀಲ ಬಿಚ್ಚಿದರು, ಒಳಗೆ ಬೆರಳು ಆಡಿಸಿದರು, ಕಟ್ಟಿದರು. ಆಮೇಲೆ ನನ್ನ ಕಡೆ ತಿರುಗದೆ, ಗಂಟಲು ಸರಿಮಾಡಿದರು.

"ಟೈಲರ್ರೇ, ಒಂದು ಎಂಟಾಣೆ ಸಾಲ ಕೊಡ್ತೀರಾ? ಬಂಟ್ವಾಳಕ್ಕೆ ಹೋಗಲಿಕ್ಕೆ ಬಸ್ಸಿನ ಹಣ ಇಲ್ಲ."

ಕೊಟ್ಟೆ. ಮರುದಿನ ಮೆಷಿನು ಹೊಸಿಲು ದಾಟಿತು. ಭಟ್ಟರು ಒಂದು ಕಡೆ ಹಿಡಿದರು, ಸಾಹುಕಾರರು ಸಿದ್ಧಕಟ್ಟೆಯಿಂದ ಗಾಡಿ ಕಳಿಸಿದ್ದರು. ಇವತ್ತಿಗೂ ನಾನು ಉಣ್ಣುವುದು ಅದರಿಂದಲೇ.

ಆ ಎಂಟಾಣೆಯನ್ನು ಹಿಂದೆ ಕೊಡಲು ಧನಿಗಳು ಮುಂದಿನ ವಾರವೇ ಬಂದರು. ನಾನು ತೆಗೆದುಕೊಳ್ಳಲಿಲ್ಲ. ಮತ್ತೆ ಬಂದರು, ಮತ್ತೆ ತೆಗೆದುಕೊಳ್ಳಲಿಲ್ಲ. ಅವರಿಗೆ ಸಿಟ್ಟು ಬರುತ್ತದೆ, ಆದರೂ ಬರುತ್ತಾರೆ. ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಓದುವವರು ಕೇಳಬಹುದು. ಅದಕ್ಕೆ ಎರಡು ಕಾರಣ ಉಂಟು. ಒಂದನೆಯದು ಸಣ್ಣದು: ಸಾಲ ಕೊಟ್ಟವನಾಗಿ ಇರುವುದು ಹೇಗಿರುತ್ತದೆ ಎಂದು ನೋಡುವ ಆಸೆ. ಎರಡನೆಯದನ್ನು ಸರಿಯಾಗಿ ವಿವರಿಸಬೇಕು, ಇಲ್ಲದಿದ್ದರೆ ತಪ್ಪು ತಿಳಿಯುವ ಸಂಭವ ಉಂಟು. ನನಗೆ ಮೆಷಿನು ಕೊಡಿಸಿದ, ಸಿಟ್ಟಿನಲ್ಲಾದರೂ ಅದನ್ನು ನನ್ನ ಮನೆಯಲ್ಲೇ ಉಳಿಸಿದ ಮನುಷ್ಯ ಅವರು. ಲೆಕ್ಕ ಪೂರಾ ಮುಗಿದುಹೋದರೆ ಅವರು ಇಷ್ಟು ದೂರ ಬಸ್ಸು ಹತ್ತಿ ಬರಲು ಕಾರಣವೇ ಇರುವುದಿಲ್ಲ. ಹಾಗೆಂದು ನಾನು ಅವರನ್ನು ಸಾಲದಲ್ಲಿ ಇಟ್ಟಿದ್ದೇನೆ ಎಂದು ಅರ್ಥವಲ್ಲ. ಋಣ ಬೇರೆ, ಬಾಕಿ ಬೇರೆ. ಋಣ ಎಂದರೆ ಏನೆಂದು ಹೇಳುವುದಾದರೆ, ಈಗ ಒಂದು ಅಂಗಿಯ ಹೊಲಿಗೆಯನ್ನೇ ತೆಗೆದುಕೊಳ್ಳುವ, ಅದರ ಒಳಮಡಿಕೆಯಲ್ಲಿ...

ಭಟ್ಟರು ಗೋಡೆ ತಟ್ಟಿ ಕರೆಯುತ್ತಿದ್ದಾರೆ. "ಟೈಲರ್ರೇ, ಬಂಟ್ವಾಳದ ಬಸ್ಸಿನಿಂದ ಧನಿಗಳು ಇಳಿದರು. ಮುಷ್ಟಿಯಲ್ಲಿ ಎಂಟಾಣೆ ಹಿಡಿದ ಹಾಗೆ ಕಾಣ್ತದೆ. ನೀವು ಅಂಗಡಿಯಲ್ಲಿ ಇದ್ದೀರಿ ಅಂತ ಹೇಳುವುದಾ, ಇಲ್ಲ ಅಂತ ಹೇಳುವುದಾ?"