ಚುಕ್ಕೆ ನಿಲ್ಲದ ಗ್ಯಾಲ್ವನೋಮೀಟರು

ಕಾಲೇಜಿನ ಬಾಗಿಲಿಗೆ ಬಣ್ಣದ ಗಾಜು ಹಾಕಿಸುವ ಉತ್ಸಾಹವಿರುವ ಪ್ರಾಂಶುಪಾಲರಿಗೆ ನೂರು ವರ್ಷದ ಗ್ಯಾಲ್ವನೋಮೀಟರು ಗುಜರಿಯಾಗಿ ಕಂಡರೆ ಆಶ್ಚರ್ಯವೇನಿಲ್ಲ. ಭೌತಶಾಸ್ತ್ರದ ಮೇಷ್ಟ್ರಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಇರುವೆ ಕಚ್ಚಿದಷ್ಟೂ ಗೊತ್ತಾಗದ ವಿದ್ಯುತ್ತನ್ನು ಅಳೆಯುವ ಉಪಕರಣವದು. ರೇಷ್ಮೆ ಎಳೆಯಲ್ಲಿ ತೂಗುವ ಪುಟ್ಟ ಅಯಸ್ಕಾಂತ, ಅದಕ್ಕಂಟಿದ ಚೂರು ಕನ್ನಡಿ. ವಿದ್ಯುತ್ತು ಹರಿದರೆ ಕನ್ನಡಿ ತಿರುಗಿ, ಅದರಿಂದ ಪ್ರತಿಫಲಿಸುವ ದೀಪದ ಬೆಳಕಿನ ಚುಕ್ಕೆ ಎದುರಿನ ಅಳತೆಪಟ್ಟಿಯ ಮೇಲೆ ಸರಿಯುತ್ತದೆ. ಮೇಷ್ಟ್ರು ಜಗಳವಾಡಿ ಪ್ರಾಂಶುಪಾಲರಿಂದ ಮಾತು ಪಡೆದರು: ಮೇಷ್ಟ್ರು ಅದನ್ನು ಮನೆಗೊಯ್ದು ಜೋಡಿಸಲಿ, ಭಾನುವಾರ ತಾವೇ ಬಂದು ನೋಡುತ್ತಾರೆ, ಕೆಲಸ ಮಾಡಿದರೆ ಹಳೆಯ ಉಪಕರಣಗಳಿಗೆಲ್ಲ ಒಂದು ಕೋಣೆ, ಇಲ್ಲದಿದ್ದರೆ ಗುಜರಿ ಗಾಡಿ.

ಮನೆಯಲ್ಲಿ ಜೋಡಿಸಿದರೆ ಚುಕ್ಕೆ ನಿಂತರೆ ತಾನೆ? ತಂತಿ ಮುಟ್ಟಿಸುವ ಮೊದಲೇ ಹುಚ್ಚೆದ್ದು ಓಡುತ್ತಿತ್ತು. ಹತ್ತಿರ ಕಬ್ಬಿಣವಿದ್ದರೆ ಹೀಗೇ ಎಂದು ಮೇಷ್ಟ್ರು ಲೋಹಬಹಿಷ್ಕಾರ ಘೋಷಿಸಿದರು. ಬಾಣಲೆ, ಸುತ್ತಿಗೆ, ಇಸ್ತ್ರಿಪೆಟ್ಟಿಗೆ ಹಿತ್ತಿಲಿಗೆ ಗಡೀಪಾರಾದವು. ಹೆಂಡತಿಯ ಹೊಲಿಗೆ ಯಂತ್ರ ಜಗಲಿಗೆ ಬಂತು. ರವಿಕೆಯ ಅಳತೆ ಕೊಡಲು ಬಂದವರು ಮನೆ ಹರಾಜಾಯಿತೇ ಎಂದು ಮರುಗಿದರು. ಅತ್ತೆಯ ತುರುಬಿನ ಪಿನ್ನುಗಳನ್ನೂ ಬಿಡಲಿಲ್ಲ.

"ಅಳಿಯಂದಿರು ಹೇಳಿದ್ಮೇಲೆ ಮುಗೀತು. ಹಲ್ಲಿನ ಸೆಟ್ಟೂ ತೆಗೆದಿಡಲಾ?" ಎಂದರು ಅತ್ತೆ.

(ಮೇಷ್ಟ್ರು ಒಂದು ಕ್ಷಣ ಯೋಚಿಸಿದ್ದು ನಿಜ.)

ಭಾನುವಾರ ಪ್ರಾಂಶುಪಾಲರು ಹೊಸ್ತಿಲಲ್ಲೇ ವಾಚು ಬಿಚ್ಚಿಕೊಟ್ಟು ಕುಳಿತರು. ಮೇಷ್ಟ್ರು ಉಪಕರಣದ ಬಳಿ ಹೋದದ್ದೇ ತಡ, ಚುಕ್ಕೆ ಅಳತೆಪಟ್ಟಿ ದಾಟಿ ಗೋಡೆ ಹತ್ತಿತು. ಪ್ರಾಂಶುಪಾಲರು ಹೊರಡಲೆಂದು ಎದ್ದರು.

"ರೀ, ಸ್ವಲ್ಪ ಈಚೆ ಬನ್ನಿ," ಎಂದಳು ಹೆಂಡತಿ.

"ಮಧ್ಯೆ ಬಾಯಿ ಹಾಕ್ಬೇಡ ಕಣೇ."

"ನೀವು ಹತ್ರ ಹೋದ್ರೆ ಮಾತ್ರ ಅದು ಓಡೋದು. ಸೊಂಟದ ಹತ್ರ ಅಂಗಿ ಉಬ್ಬಿದೆ, ಏನು ಕಟ್ಟಿದ್ದೀರಿ?"

ಮೂಢನಂಬಿಕೆಯ ವಿರುದ್ಧ ತರಗತಿಯಲ್ಲಿ ಮೇಜು ಗುದ್ದುವ ಮಹಾನುಭಾವರು, ಅಂಗಿ ಎತ್ತಿ, ಟಿವಿ ಜಾಹೀರಾತು ನೋಡಿ ಗುಟ್ಟಾಗಿ ತರಿಸಿಕೊಂಡಿದ್ದ, ಬೆನ್ನುನೋವು ಹೀರುವ ಅಯಸ್ಕಾಂತದ ಬೆಲ್ಟನ್ನು ಎಲ್ಲರೆದುರು ಬಿಚ್ಚಿದರು. ಅದು ಅಂಗಳ ಸೇರಿದೊಡನೆ ಚುಕ್ಕೆ ಸೊನ್ನೆಯಲ್ಲಿ ಸಾಧುವಾಗಿ ನಿಂತಿತು. ಮೇಷ್ಟ್ರು ತಾವು ಮುಟ್ಟಲು ಹೆದರಿ, ಉಪಕರಣಕ್ಕೆ ಜೋಡಿಸಿದ್ದ, ಎರಡು ಬಗೆಯ ಲೋಹದ ತಂತಿ ಹೆಣೆದ ಗಂಟನ್ನು ಹೆಂಡತಿಯ ಕೈಗೆ ಕೊಟ್ಟರು. ಅವಳ ಬೆರಳ ಬಿಸಿಗೆ ಹುಟ್ಟಿದಷ್ಟೇ ವಿದ್ಯುತ್ತಿಗೆ ಚುಕ್ಕೆ ಮೆಲ್ಲಗೆ ಸರಿಯಿತು; ಬಿಟ್ಟರೆ ಮರಳಿತು. ಪ್ರಾಂಶುಪಾಲರು ಮಗುವಿನಂತೆ ತಾವೂ ಹಿಡಿದು ನೋಡಿದರು.

"ಕೋಣೆ ಕೊಡೋಣ. ಮಕ್ಕಳಿಗೆ ತೋರಿಸೋಕೆ ನಿಮ್ಮ ಮನೆಯವರನ್ನೇ ಕರ್ಕೊಂಡು ಬನ್ನಿ," ಎಂದರು.

ಗೇಟಿನ ಬಳಿ ದನಿ ತಗ್ಗಿಸಿದರು: "ಮೇಷ್ಟ್ರೇ, ಆ ಬೆಲ್ಟಿಂದ ನಿಜವಾಗ್ಲೂ ಗುಣ ಆಗುತ್ತಾ? ನನಗೂ ಸೊಂಟನೋವು."

ಮೇಷ್ಟ್ರು ಸತ್ಯವಂತರು. "ಅದರ ಗುಣ ಅಳೆಯುವಷ್ಟು ಸೂಕ್ಷ್ಮವಾದ ಉಪಕರಣ ಇನ್ನೂ ಬಂದಿಲ್ಲ ಸಾರ್," ಎಂದು ಒಪ್ಪಿಕೊಂಡು, ಸೊಂಟ ಹಿಡಿದುಕೊಂಡೇ ಒಳಗೆ ಬಂದರು.