ಒಂದೇ ದನಿಯ ಅನಂತಕೃಷ್ಣ

ಬೋಜಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದು ಇನ್ನೂ ವಾರ ಕಳೆದಿರಲಿಲ್ಲ. ಪೊನ್ನಂಪೇಟೆಯ ಆ ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಹಪ್ಪಳದಷ್ಟು ತೆಳುವು. ನರ್ಸ್ ಕೆಲಸದಿಂದ ಅವರು ನಿವೃತ್ತರಾಗಿದ್ದರೂ ಅವರ ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. ಆ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದ ಗೋಮತಿಯನ್ನು ಬೇಲಿಯ ಬಳಿಗೆ ಕರೆದು ಮೆಲ್ಲಗೆ ಕೇಳಿದರು.

“ಅಲ್ಲ ಗೋಮತಿ, ನಿಮ್ಮ ಮನೇಲಿ ಗಂಡಸರು ಎಷ್ಟು ಜನ ಉಂಟು?”

ಒಬ್ಬರೇ ಎಂದಳು ಗೋಮತಿ. ಬೋಜಮ್ಮ ನಂಬಲಿಲ್ಲ. ಅವರ ಕಿವಿಗೆ ಬಿದ್ದವರು ಕಡಿಮೆಯೆಂದರೂ ನಾಲ್ಕು ಜನ. ಫೋನಿನಲ್ಲಿ ಬೆಣ್ಣೆ ಕರಗಿಸುವವನು ಒಬ್ಬ, ಟ್ಯೂಷನ್ ಮಕ್ಕಳ ಮೇಲೆ ಗುಡುಗುವವನು ಇನ್ನೊಬ್ಬ, ಮೀನಿನ ಗಾಡಿಯವನು ದಾರಿಗೆ ಅಡ್ಡ ನಿಲ್ಲಿಸಿದರೆ ಇಂಗ್ಲಿಷಿನಲ್ಲಿ ಹರಿಹಾಯುವವನು ಮತ್ತೊಬ್ಬ. ತಿಂಡಿಯ ಹೊತ್ತಿಗೆ ಗೊಣಗುವ ಮುದುಕನಿಗಂತೂ ಹೊಟ್ಟೆ ಸರಿಯಿಲ್ಲ, ರಾತ್ರಿ ಬಿಸಿನೀರು ಕುಡಿಸಿ ಎಂಬ ಸಲಹೆಯೂ ಬಂತು.

ಗೋಮತಿ ನಗು ತಡೆದುಕೊಂಡು ಒಳಗೆ ಬಂದಾಗ ಅವಳ ಗಂಡ ಅನಂತಕೃಷ್ಣ, ದೋಸೆ ಒಂದು ಕಡೆ ಸೀದಿದೆಯೆಂದು ಗೊಣಗುತ್ತಿದ್ದ. ಅವನಿಗೆ ಇನ್ನೂ ನಲವತ್ತೈದು. ವಿಷಯ ಕೇಳಿ ತಟ್ಟೆ ಪಕ್ಕಕ್ಕೆ ಸರಿಸಿದ.

ಬೇರೆ ಯಾರಿಗಾದರೂ ಇದು ನಕ್ಕು ಮರೆಯುವ ಮಾತಾಗಿತ್ತು. ಆದರೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಅನಂತಕೃಷ್ಣನಿಗೆ ಸೋಮವಾರದ ಪ್ರಾರ್ಥನೆಯಲ್ಲಿ ನೀತಿಮಾತು ಹೇಳುವ ಹೊಣೆಯೂ ಇತ್ತು. ಈ ಸಲ ಅವನು ಹೇಳಿದ್ದೇ, ಮನೆಯಿರಲಿ ಬೀದಿಯಿರಲಿ, ದೊಡ್ಡವರ ಮುಂದಾಗಲಿ ಚಿಕ್ಕವರ ಮುಂದಾಗಲಿ, ಮನುಷ್ಯ ಒಬ್ಬನೇ ಆಗಿರಬೇಕು ಎಂದು. ಹೇಳುವಾಗ ಅವನ ಕಣ್ಣೇ ತೇವವಾಗಿತ್ತು. ಈಗ ನೋಡಿದರೆ ಅವನೇ ಒಂದು ವಠಾರ.

ಸ್ನಾನದ ಮನೆಯಲ್ಲಿ ಅವನು ತೀರ್ಮಾನಿಸಿದ. ಇವತ್ತಿನಿಂದ ಒಬ್ಬನೇ. ಆದರೆ ಯಾವನು? ಇದ್ದವರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ನೋಡಿದ. ಒಬ್ಬನೂ ಮನೆಯಲ್ಲಿಟ್ಟುಕೊಳ್ಳುವಂಥವನಲ್ಲ. ಕೊನೆಗೆ ಒಬ್ಬ ಸಿಕ್ಕ. ಪ್ರವಾಸಿಗರು ಕಾರು ನಿಲ್ಲಿಸಿ ಕಕ್ಕಬೆಗೆ ದಾರಿ ಕೇಳಿದರೆ ಅವನು ಬಹಳ ಚೆನ್ನಾಗಿ ಹೇಳುತ್ತಿದ್ದ. ಅವಸರವಿಲ್ಲ, ಅಂಜಿಕೆಯಿಲ್ಲ, ಆ ಕಾರಿನವರಿಂದ ಆಗಬೇಕಾದ್ದೂ ಏನಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೈಬೀಸುವ ಮನುಷ್ಯ. ತನ್ನೊಳಗೆ ಇಂಥ ಸಭ್ಯನೊಬ್ಬ ಇದ್ದಾನೆಂದು ಅನಂತಕೃಷ್ಣನಿಗೆ ಹೆಮ್ಮೆಯಾಯಿತು. ಉಳಿದವರನ್ನೆಲ್ಲ ಮನೆ ಖಾಲಿ ಮಾಡಿಸಿದ.

ತಲೆ ಒರೆಸಿಕೊಂಡು ಬಂದವನು ಗೋಮತಿಗೆ, “ದೋಸೆ ಚೆನ್ನಾಗಿತ್ತು. ಸಂಜೆ ಬರುವಾಗ ಏನಾದರೂ ತರಬೇಕಾ?” ಎಂದ.

ಗೋಮತಿ ಅವನ ಹಣೆ ಮುಟ್ಟಿ ನೋಡಿದಳು. ಬಿಸಿ ಇರಲಿಲ್ಲ. ಅದರಿಂದ ಅವಳ ಗಾಬರಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅವನು ಗೇಟು ದಾಟುವುದೇ ತಡ, ಮಡಿಕೇರಿಯಲ್ಲಿ ದೇವಸ್ಥಾನದ ಅರ್ಚಕನಾಗಿದ್ದ ತನ್ನ ಅಣ್ಣ ಹರಿಹರನಿಗೆ ಫೋನು ಮಾಡಿದಳು.

ಶಾಲೆಯಲ್ಲಿ ಇನ್ನೂ ಕಷ್ಟವಾಯಿತು. ಹತ್ತನೇ ತರಗತಿಯಲ್ಲಿ ಅರ್ಧ ಜನ ಮನೆಗೆಲಸ ಮಾಡಿರಲಿಲ್ಲ. ಗುಡುಗು ಬೀಳುವುದನ್ನೇ ಕಾಯುತ್ತ ಕಿವಿ ಮುಚ್ಚಿಕೊಳ್ಳಲು ಸಿದ್ಧರಾಗಿ ಕೂತಿದ್ದರು. ಅವನು, ಪರವಾಗಿಲ್ಲ, ನಾಳೆ ತನ್ನಿ, ಯಾಕೆ ಆಗಲಿಲ್ಲ ಅಂತ ಹೇಳಬೇಕೆನಿಸಿದರೆ ಹೇಳಿ ಎಂದ. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರಿಗೆ ದೊಡ್ಡ ಕಾಯಿಲೆಯೆಂದು ಮಕ್ಕಳೆಲ್ಲ ತೀರ್ಮಾನಿಸಿ ಅವನ ಮೇಜಿನ ಮೇಲೆ ಕಿತ್ತಳೆ ಇಟ್ಟು ಹೋದರು.

ಸ್ಟಾಫ್ ರೂಮಿನಲ್ಲಿ ಆಟದ ಮೇಷ್ಟ್ರು ಧರ್ಮೇಶ್, ದಿನವೂ ಕೇಳುವ ಹಾಗೆ, ತನ್ನ ಕೊನೆಯ ಪಿರಿಯಡ್ ಸ್ವಲ್ಪ ನೋಡಿಕೊಳ್ಳಿ ಎಂದ. ಅನಂತಕೃಷ್ಣ, “ಇಲ್ಲ ಧರ್ಮೇಶ್, ಆಗಲ್ಲ” ಎಂದ. ಕೋಪವಿಲ್ಲ, ನೆಪವೂ ಇಲ್ಲ. ನೆಪವಿಲ್ಲದೆ ಇಲ್ಲ ಎನ್ನುವವನ ಹಿಂದೆ ಯಾರೋ ದೊಡ್ಡವರು ಇರಲೇಬೇಕಲ್ಲ. ಧರ್ಮೇಶ್ ನೇರವಾಗಿ ಹೆಡ್‌ಮಿಸ್ ಹಂಸಿನಿ ಮೇಡಂ ಬಳಿಗೆ ಹೋಗಿ, ಅನಂತಕೃಷ್ಣನಿಗೆ ಮೇಲಿನಿಂದ ಬಲ ಬಂದಿದೆ ಎಂದು ಪಿಸುಗುಟ್ಟಿದ. ಅವನ ಮಟ್ಟಿಗೆ ಅದು ಸಹಜವಾದ ಲೆಕ್ಕಾಚಾರ.

ಆ ದಿನವೇ ಶಾಲೆ ನಡೆಸುವ ಸಂಸ್ಥೆಯ ಕಾರ್ಯದರ್ಶಿ ಗುರುವಪ್ಪನವರು ತಪಾಸಣೆಗೆ ಬರಬೇಕೆ? ಕಡಿಮೆ ಮಾತಿನ, ದಪ್ಪ ಮೀಸೆಯ ಮನುಷ್ಯ. ಹಂಸಿನಿ ಮೇಡಂ ಅವರನ್ನು ಗ್ರಂಥಾಲಯದ ಬಾಗಿಲಿಗೆ ಕರೆತಂದು, ಮಕ್ಕಳಿಗೆ ಓದಿನ ಹುಚ್ಚು ಹಿಡಿಸಿದವರೇ ಇವರು ಎಂದು ಅನಂತಕೃಷ್ಣನ ಕಡೆ ನೋಡಿದರು. ಅದು ಬೆಣ್ಣೆಯವನು ಮುಂದೆ ಬರಬೇಕಾದ ಜಾಗ. ಅವನು ಬರಲಿಲ್ಲ. ಅವನನ್ನು ಬೆಳಿಗ್ಗೆಯೇ ಖಾಲಿ ಮಾಡಿಸಿಯಾಗಿತ್ತು.

“ಮಕ್ಕಳು ದಿನಾ ಬರ್ತಾರಾ?” ಎಂದು ಗುರುವಪ್ಪ ಕೇಳಿದರು.

“ಇಲ್ಲ ಸರ್. ಬೀಗದ ಕೈ ನನ್ನ ಹತ್ತಿರವೇ ಇದೆ. ದಸರಾ ಆದಮೇಲೆ ನಾನು ತೆಗೆದಿಲ್ಲ. ಧೂಳಿಗೆ ನನಗೆ ಸೀನು ಬರುತ್ತೆ, ಅದಕ್ಕೆ.”

ಹಂಸಿನಿ ಮೇಡಂ ಮುಖ ಹಸಿಮೆಣಸು ಕಚ್ಚಿದವರ ಹಾಗಾಯಿತು. ಗುರುವಪ್ಪ ಅವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು, ಹೂಂ ಎಂದರು, ಕಾರು ಹತ್ತಿದರು. ಅನಂತಕೃಷ್ಣನಿಗೆ ಮೈ ಹಗುರವಾಯಿತು. ಇಷ್ಟು ವರ್ಷ ನೀತಿ ಹೇಳಿದವನಿಗೆ, ನೀತಿಯಂತೆ ನಡೆದರೆ ಹೀಗಿರುತ್ತದೆಯೆಂದು ಇವತ್ತೇ ತಿಳಿದದ್ದು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಗ್ರಂಥಾಲಯದ ಬೀಗ ತೆಗೆದ. ಶಾಲೆ ಬಿಡುವವರೆಗೂ ಸೀನುತ್ತಲೇ ಕಪಾಟು ಒರೆಸಿದ.

ಸಂಜೆ ಮನೆಗೆ ಬಂದರೆ ಹೊರಗೆಲ್ಲ ಚಪ್ಪಲಿಗಳು. ಹರಿಹರ ತೀರ್ಥದ ಬಾಟಲಿ ಹಿಡಿದು ಸೋಫಾದಲ್ಲಿ ಕೂತಿದ್ದ. ಬೋಜಮ್ಮ ಬಿಪಿ ನೋಡುವ ಪಟ್ಟಿ ತಂದಿದ್ದರು. ಅನಂತಕೃಷ್ಣ ಕೈ ತೊಳೆಯುವಷ್ಟರಲ್ಲಿ ಹಂಸಿನಿ ಮೇಡಂ ಕೂಡ ಗೇಟು ತೆಗೆದು ಬಂದರು.

ಅವನು ಜೀವಮಾನವಿಡೀ ತಪ್ಪಿಸಿಕೊಂಡು ಬಂದ ಗಳಿಗೆ ಇದು. ಅವನ ಒಂದೊಂದು ಮುಖ ಮಾತ್ರ ಕಂಡಿದ್ದವರೆಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಟ್ಯೂಬ್‌ಲೈಟಿನ ಕೆಳಗೆ. ನಿನ್ನೆಯಾಗಿದ್ದರೆ ತಲೆನೋವೆಂದು ಮಲಗುತ್ತಿದ್ದ. ಇವತ್ತು ಕುರ್ಚಿ ಎಳೆದುಕೊಂಡು ಕೂತು, ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದ. ತಾನು ಮನೆಯಲ್ಲಿ ಸುಮ್ಮಸುಮ್ಮನೆ ಗೊಣಗುತ್ತಿದ್ದದ್ದು, ಮೇಡಂ ಮುಂದೆ ಬಾರದ ನಗು ನಗುತ್ತಿದ್ದದ್ದು, ಹರಿಹರ ಬಂದಾಗಲೆಲ್ಲ ದೊಡ್ಡ ದೈವಭಕ್ತನ ಹಾಗೆ ಕಣ್ಣು ಮುಚ್ಚುತ್ತಿದ್ದದ್ದು. ಇನ್ನು ಅದೆಲ್ಲ ಇಲ್ಲ, ಎಲ್ಲರಿಗೂ ತಾನು ಇಷ್ಟೇ ಎಂದ.

ಗೋಮತಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಭಾವ, ನಾನೂ ಒಂದೊಂದು ಸಲ ಮಂತ್ರ ಹಾರಿಸ್ತೇನೆ” ಎಂದು ಹರಿಹರ ತಾನಾಗಿಯೇ ಒಪ್ಪಿಕೊಂಡ. ಅನಂತಕೃಷ್ಣನಿಗೆ ತಾನು ಋಷಿಯಾಗುವುದಕ್ಕೆ ಗಡ್ಡವೊಂದೇ ಬಾಕಿ ಅನಿಸಿತು.

ಹಂಸಿನಿ ಮೇಡಂ ಕಾಫಿ ಲೋಟ ಕೆಳಗಿಟ್ಟರು.

“ಗುರುವಪ್ಪನವರು ಫೋನ್ ಮಾಡಿದ್ದರು. ನಿಮ್ಮನ್ನ ತುಂಬಾ ಮೆಚ್ಚಿಕೊಂಡಿದ್ದಾರೆ. ಇಂಥವರನ್ನೇ ಹುಡುಕ್ತಾ ಇದ್ದೆ ಅಂದರು.”

ಎಲ್ಲರೂ ಮುಂದೆ ಬಾಗಿದರು. ಮೇಡಂ ವಿವರಿಸಿದರು. ಸಂಸ್ಥೆಗೆ ಶನಿವಾರಸಂತೆಯ ಕಡೆ ಇನ್ನೊಂದು ಶಾಲೆಯಿದೆ. ಅಲ್ಲಿ ಮೇಷ್ಟ್ರುಗಳದು ಎರಡು ಪಂಗಡ, ಬೆಂಚು ಎತ್ತಿ ಹೊಡೆದಾಡಿದ್ದೂ ಆಗಿದೆ. ಹೋದ ಮುಖ್ಯೋಪಾಧ್ಯಾಯರೆಲ್ಲ ಒಬ್ಬರ ಮುಂದೆ ಒಂದು, ಇನ್ನೊಬ್ಬರ ಮುಂದೆ ಒಂದು ಹೇಳಿ ಸಿಕ್ಕಿಬಿದ್ದು ಓಡಿಹೋಗಿದ್ದಾರೆ. ಎರಡೂ ಕಡೆಗೆ ಒಂದೇ ಮಾತು ಹೇಳುವ ಒಬ್ಬ ಬೇಕಿತ್ತು. ಜಿಲ್ಲೆಯ ಆ ತುದಿ ಸ್ವಲ್ಪ ದೂರವೇ, ಸಂಬಳವೇನೂ ಹೆಚ್ಚುವುದಿಲ್ಲ, ಆದರೆ ಗೌರವದ ಕೆಲಸ.

“ನಾನೂ ಮನಸಾರೆ ಶಿಫಾರಸು ಮಾಡಿದೆ” ಎಂದರು ಮೇಡಂ. “ಸತ್ಯ ಹೇಳೋರನ್ನ ನಮ್ಮ ಶಾಲೆಯಲ್ಲೇ ಇಟ್ಟುಕೊಳ್ಳೋ ಸ್ವಾರ್ಥ ನನಗಿಲ್ಲ. ಆದರೆ ಬಲವಂತ ಇಲ್ಲ ಅಂತ ಕೂಡ ಹೇಳಿದ್ದಾರೆ. ಬೇಡ ಅಂದರೆ ಬೇಡ.”

ಬೇಡ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗಬೇಕು? ಅನಂತಕೃಷ್ಣನಿಗೆ ಹೋಗಲು ಕಿಂಚಿತ್ತೂ ಮನಸ್ಸಿರಲಿಲ್ಲ. ಬೇಡ ಎನ್ನಲೆಂದೇ ಬಾಯಿ ತೆರೆದ. ಮೇಡಂ ಕಾಯುತ್ತಿದ್ದರು. ಹರಿಹರ ಮೆಚ್ಚುಗೆಯಿಂದ ತಲೆದೂಗುತ್ತಿದ್ದ. ಗೋಮತಿ ಮದುವೆಯ ದಿನದ ನಂತರ ಮೊದಲ ಸಲ ಅವನನ್ನು ಆ ಕಣ್ಣಿನಿಂದ ನೋಡುತ್ತಿದ್ದಳು. ಅಷ್ಟೂ ಜನರ ನಿರೀಕ್ಷೆ ಅವನ ಮುಖದ ಮೇಲೆ ಜೇನುನೊಣದ ಹಾಗೆ ಬಂದು ಕೂತಿತು.

“ಆಗಲಿ ಮೇಡಂ, ಹೋಗ್ತೇನೆ” ಎಂದ.

ಸ್ಪಷ್ಟವಾದ, ಸಮಾಧಾನದ ದನಿ. ಎಲ್ಲೂ ತಡವರಿಸಲಿಲ್ಲ. ಎಲ್ಲರೂ ಸಂತೋಷಪಟ್ಟರು. ಬೋಜಮ್ಮ ಅವನ ತೋಳಿಗೆ ಪಟ್ಟಿ ಸುತ್ತಿ ನೋಡಿ, ಬಿಪಿ ನಾರ್ಮಲ್ ಎಂದು ಘೋಷಿಸಿದರು. ಆಗ ಅನಂತಕೃಷ್ಣನಿಗೆ ಹೊಳೆಯಿತು. ತಾನು ಎಂದೂ ನಾಲ್ಕು ಜನ ಆಗಿರಲೇ ಇಲ್ಲ. ಗುಡುಗುವಾಗಲೂ ಗೊಣಗುವಾಗಲೂ ಬೆಣ್ಣೆ ಹಚ್ಚುವಾಗಲೂ, ಎದುರಿಗಿದ್ದವರು ಏನೆಂದುಕೊಳ್ಳುವರೋ ಎಂದು ಹೆದರುವ ಒಬ್ಬನೇ ಒಬ್ಬ ಒಳಗೆ ಕೂತಿದ್ದ. ನಲವತ್ತೈದು ವರ್ಷ ಒಂದು ದಿನವೂ ಬದಲಾಗದೆ, ಅಚಲನಾಗಿ.